ಕಾರ್ಡಲ್ಲಿ ಒಪ್ಪತ್ತಿಗೆ ಕಾಲಂ ಇರ್ಲಿಲ್ಲ: ಯುದ್ಧಕಾಲದ ಒಂದು ಬೆಂಗಳೂರು ಮನೆ

ನಮ್ಮನೇಲಿ ಒಂದು ಫೋಟೋ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಅಂಚೆಲ್ಲ ಕಂದಿಹೋಗಿದೆ, ಒಂದು ಮೂಲೇನ ಹುಳ ತಿಂದಿದೆ. ತೊಟ್ಟಿ ಮನೆ, ಮೆಟ್ಟಿಲ ಮೇಲೆ ನಾಲ್ಕು ಮಕ್ಳು ಸಾಲಾಗಿ ಕೂತಿದಾರೆ, ಹುಡುಗೀರಿಗೆ ಲಂಗ, ಹುಡುಗ್ರಿಗೆ ಅಳತೆಗಿಂತ ದೊಡ್ಡ ಕೋಟು. ಹಿಂದೆ ಕಂಬದ ಪಕ್ಕ ಒಬ್ರು ಹೆಂಗಸು, ತಲೆ ಮೇಲೆ ಸೆರಗು, ಕೈಲಿ ಮೊರ, ಮುಖ ಅರ್ಧ ಆ ಕಡೆ ತಿರುಗಿದೆ. ಅವರ ತಲೆ ಮೇಲ್ಗಡೆ ಗೋಡೇಲಿ ಪೆಂಡ್ಯುಲಂ ಗಡಿಯಾರ. ಭೂತಗನ್ನಡಿ ಹಿಡಿದು ನೋಡಿದ್ರೆ ಎಂಟು ಇಪ್ಪತ್ತೆರಡು.

ಫೋಟೋ ತೆಗೆದ ಹೊತ್ತಲ್ಲಿ ಊರಿನ ಗಡಿಯಾರದಲ್ಲೆಲ್ಲ ಒಂಬತ್ತು ಇಪ್ಪತ್ತೆರಡು ಆಗಿತ್ತು. ಈ ಒಂದು ಗಂಟೆ ಎಲ್ಲಿ ಹೋಯ್ತು ಅಂತ ಹುಡುಕ್ತಾ ಹೋಗಿ ನಾನು ನಮ್ಮಜ್ಜಿಯ ಬಾಲ್ಯದೊಳಕ್ಕೆ ಬಿದ್ದೆ.

ಅಜ್ಜಿ ಅಂದ್ರೆ ನಮ್ಮಮ್ಮನ ಅಮ್ಮ, ಫೋಟೋಲಿ ಎಡಗಡೆಯಿಂದ ಮೊದಲನೇ ಹುಡುಗಿ. ಹುಟ್ಟಿದ್ದು 1934, ಮನೆ ಚಾಮರಾಜಪೇಟೆ. ಕೆಲವು ವರ್ಷದ ಹಿಂದೆ ಬೇಸಿಗೆ ರಜೇಲಿ ಮಧ್ಯಾಹ್ನ ಮಧ್ಯಾಹ್ನ ಕೂತು ಮೊಬೈಲಲ್ಲಿ ಅವರ ಮಾತು ರೆಕಾರ್ಡ್ ಮಾಡ್ಕೊಂಡಿದ್ದೆ. ಅವರು ಹೋದ ಮೇಲೆ ಅದನ್ನ ಮತ್ತೆ ಮತ್ತೆ ಕೇಳ್ತಾ, ಹೇಳಿದ್ರಲ್ಲಿ ಯಾವುದು ಇತಿಹಾಸಕ್ಕೆ ತಾಳೆ ಆಗುತ್ತೆ ಯಾವುದು ಆಗಲ್ಲ ಅಂತ ನೋಡ್ತಾ ಬಂದೆ. ಇಲ್ಲಿರೋದು ಆ ಒಂದು ಮನೇದು ಮಾತ್ರ, 1942ರ ಏಪ್ರಿಲ್‌ನಿಂದ 1946ರ ಕೊನೇವರೆಗೆ. ಹೆಸರು ಹಾಕ್ಬೇಡ ಅಂದಿದ್ರು, ಹಾಕಿಲ್ಲ. ಇನ್ನು ಮುಂದೆ ತಾತ, ಅಪ್ಪ, ಅತ್ತೆ ಅಂತ ಬಂದ್ರೆ ಅದು ಅಜ್ಜಿಯ ಬಾಯಲ್ಲಿ ಬಂದ ಸಂಬಂಧ ಅಂತ ತಿಳ್ಕೊಳಿ, ನನ್ನದಲ್ಲ.

ಮನೇಲಿದ್ದೋರು ಯಾರು ಯಾರು ಅಂದ್ರೆ, ತಾತ, ರಿಟೈರ್ಡ್ ಮೇಷ್ಟ್ರು, ಪಂಚಾಂಗ ನೋಡದೆ ಕ್ಷೌರಕ್ಕೂ ಕೂರದ ಮನುಷ್ಯ. ಅಪ್ಪ, ಸರ್ಕಾರಿ ಆಫೀಸಲ್ಲಿ ಗುಮಾಸ್ತೆ. ಅಮ್ಮ. ಚಿಕ್ಕಪ್ಪ, ಇನ್ನೂ ಮದುವೆ ಆಗಿರ್ಲಿಲ್ಲ. ಅಕ್ಕ. ಆಮೇಲೆ ಅಜ್ಜಿ, ಇಬ್ರು ತಮ್ಮಂದಿರು, ಒಂದು ಕೂಸು. ಮತ್ತೆ ಅತ್ತೆ, ಅಪ್ಪನ ಅಕ್ಕ. ಹದಿನಾರಕ್ಕೆ ಗಂಡ ತೀರ್ಕೊಂಡು ತವರಿಗೆ ಬಂದೋರು, ತಲೆ ಬೋಳಿಸಿದ್ದ ಮಡಿ ಹೆಂಗಸು, ಕೆಂಪು ಸೀರೆ, ದಿನಕ್ಕೆ ಒಂದೇ ಹೊತ್ತು ಊಟ. ಅಂದ್ರೆ ಒಪ್ಪತ್ತು. ಈ ಒಪ್ಪತ್ತು ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ.

ಯುದ್ಧ ಶುರುವಾಗಿದ್ದು 1939ರಲ್ಲಿ, ಆದ್ರೆ ಅಜ್ಜಿ ಲೆಕ್ಕದಲ್ಲಿ ಅದು ಶುರುವಾಗಿದ್ದು ದೊಡ್ಡಮ್ಮ ಮದ್ರಾಸಿಂದ ಬಂದ ದಿನ. 1942 ಏಪ್ರಿಲ್ 5ಕ್ಕೆ ಜಪಾನಿನವರು ಕೊಲಂಬೋ ಮೇಲೆ ಬಾಂಬ್ ಹಾಕಿದ್ರು, ಮಾರನೇ ದಿನ ವಿಶಾಖಪಟ್ಟಣ, ಕಾಕಿನಾಡ. ಇನ್ನೇನು ಮದ್ರಾಸಿಗೆ ಬಂದೇ ಬಿಟ್ರು ಅಂತ ಸರ್ಕಾರವೇ ಕೆಲ್ಸ ಇಲ್ಲದೋರೆಲ್ಲ ಊರು ಬಿಡಿ ಅಂತು, ಎಷ್ಟೋ ಆಫೀಸುಗಳು ಒಳನಾಡಿನ ಊರುಗಳಿಗೆ ಹೋದ್ವು. ರೈಲಿನ ಮೇಲೆ ರೈಲು ಜನ. ದೊಡ್ಡಮ್ಮ, ದೊಡ್ಡಪ್ಪ, ಮೂರು ಮಕ್ಳು, ಎರಡು ಟ್ರಂಕು, ಒಂದು ಹಿತ್ತಾಳೆ ಹಂಡೆ ಸಮೇತ ಬಂದಿಳಿದ್ರಂತೆ. ಹಂಡೆ ಯಾಕೆ ತಂದ್ರಿ ಅಂತ ಅಮ್ಮ ಕೇಳಿದ್ದಕ್ಕೆ ದೊಡ್ಡಮ್ಮ "ಬಾಂಬ್ ಬಿದ್ರೆ ಹೊಸದು ಯಾರು ಕೊಡಿಸ್ತಾರೆ" ಅಂದ್ರಂತೆ. ದೊಡ್ಡಪ್ಪ ಬಂದ ಮೊದಲನೇ ರಾತ್ರಿ ಎಲ್ರನ್ನೂ ಕೂರಿಸ್ಕೊಂಡು ಎಂಡನ್ ಕಥೆ ಹೇಳಿದ್ರಂತೆ. 1914ರಲ್ಲಿ ಜರ್ಮನಿಯ ಎಂಡನ್ ಹಡಗು ಬಂದು ಮದ್ರಾಸ್ ಬಂದರಿನ ಎಣ್ಣೆ ಟ್ಯಾಂಕಿಗೆ ಗುಂಡು ಹಾಕಿದಾಗಲೂ ಊರು ಖಾಲಿಯಾಗಿತ್ತು. ಆಗ ನಮ್ಮಪ್ಪ ಓಡಿದ್ರು, ಈಗ ನಾನು, ನಮ್ಮ ವಂಶಕ್ಕೆ ಓಡೋದು ಬಂದಿದೆ ಅಂತ ತಮ್ಮನ್ನೇ ತಾವು ನಗಾಡ್ಕೊಂಡ್ರಂತೆ.

ಮಕ್ಳಿಗೆ ಮಾತ್ರ ಇದ್ಯಾವುದೂ ಮುಖ್ಯ ಅಲ್ಲ. ದೊಡ್ಡಮ್ಮನ ಮಗ ಹೇಳಿದ ಒಂದೇ ಸುದ್ದಿ ಮುಖ್ಯ: ನಮ್ಮೂರ ಸಿಂಹಕ್ಕೆ ಗುಂಡು ಹೊಡೆದುಬಿಟ್ರು. ಇದು ನಿಜ. ಬಾಂಬ್ ಬಿದ್ದು ಬೋನು ಮುರಿದ್ರೆ ಹುಲಿ ಸಿಂಹ ಊರೊಳಗೆ ನುಗ್ಗುತ್ವೆ ಅನ್ನೋ ಭಯದಲ್ಲಿ ಮದ್ರಾಸ್ ಮೃಗಾಲಯದ ಕಾಡುಪ್ರಾಣಿಗಳನ್ನ ಆ ಏಪ್ರಿಲ್‌ನಲ್ಲಿ ಕೊಂದ್ರು. ಎಂಟು ವರ್ಷದ ಅಜ್ಜಿಗೆ ಅರ್ಥ ಆಗಿದ್ದು ಏನಂದ್ರೆ ಸಿಂಹ ಜಪಾನಿನವರ ಕಡೇದು, ಅದಕ್ಕೇ ಹೊಡೆದ್ರು. ಎಂಬತ್ತು ದಾಟಿದ ಮೇಲೂ ಇದನ್ನ ಹೇಳುವಾಗ ಒಂದು ಸೆಕೆಂಡ್ ತಡವರಿಸ್ತಿದ್ರು, ತನಗೆ ಆಗ ಅನ್ಸಿದ್ದನ್ನ ಈಗ್ಲೂ ಪೂರ್ತಿ ಬಿಟ್ಟಿಲ್ಲವೇನೋ ಅನ್ನೋ ಥರ.

ಎರಡು ತಿಂಗಳು ಅಂತ ಬಂದೋರು ಒಂದು ವರ್ಷದ ಮೇಲೆ ಇದ್ರು. ಹತ್ತು ಜನರ ಮನೇಲಿ ಹದಿನೈದು ಜನ. ರಾತ್ರಿ ಮಲಗೋಕೆ ಗಂಡಸ್ರೆಲ್ಲ ಜಗಲಿ ಮೇಲೆ, ಹೆಂಗಸ್ರು ಮಕ್ಳು ನಡುಮನೇಲಿ, ಅತ್ತೆ ಮಾತ್ರ ಅಡುಗೆಮನೆ ಪಕ್ಕದ ಕತ್ತಲೆ ಕೋಣೇಲಿ, ಯಾವತ್ತಿನ ಹಾಗೆ.

ಗಡಿಯಾರದ ವಿಷ್ಯಕ್ಕೆ ಬರ್ತೀನಿ. 1942 ಸೆಪ್ಟೆಂಬರ್ 1ನೇ ತಾರೀಕಿಂದ ಇಡೀ ದೇಶದ ಟೈಮನ್ನ ಒಂದು ಗಂಟೆ ಮುಂದಕ್ಕೆ ಹಾಕಿದ್ರು, ಸಂಜೆ ಹೊತ್ತು ಬೆಳಕು ಜಾಸ್ತಿ ಸಿಗ್ಲಿ ಅಂತ. ಇದು 1945 ಅಕ್ಟೋಬರ್ 15ರ ತನಕ ನಡೀತು, ಮೂರು ವರ್ಷದ ಮೇಲೆ. ಇವತ್ತು ಇದು ಯಾರಿಗೂ ನೆನಪಿಲ್ಲ, ನಂಗೂ ಮೊದಲು ನಂಬಿಕೆ ಬರ್ಲಿಲ್ಲ, ಅಜ್ಜಿ ಏನೋ ಕಲಸ್ಕೊಂಡಿದಾರೆ ಅಂದ್ಕೊಂಡಿದ್ದೆ. ನಮ್ಮ ಬೆಂಗಳೂರಿನ ಲೆಕ್ಕ ನೋಡಿ, ಮಾಮೂಲಿ ಟೈಮಲ್ಲೇ ಸೂರ್ಯ ನೆತ್ತಿಗೆ ಬರೋದು ಸುಮಾರು ಹನ್ನೆರಡು ಇಪ್ಪತ್ತಕ್ಕೆ, ಯುದ್ಧದ ಟೈಮಲ್ಲಿ ಅದು ಒಂದು ಇಪ್ಪತ್ತಾಯ್ತು. ತಾತ ಇದನ್ನ ಒಪ್ಪಲೇ ಇಲ್ಲ. "ಸೂರ್ಯಂಗೂ ಗವರ್ನಮೆಂಟ್ ಆರ್ಡರ್ ಕಳ್ಸಿದಾರೇನೋ?" ಅಂತ ಅಪ್ಪನ್ನ ಕೇಳಿದ್ರಂತೆ. ಸಂಧ್ಯಾವಂದನೆ, ರಾಹುಕಾಲ, ತಿಥಿ ಎಲ್ಲ ಸೂರ್ಯನ ಮೇಲೆ ನಡೆಯೋದು, ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು ಅಂತ ಬಾಯಿಪಾಠ ಇರೋರಿಗೆ ಎಂಟೂವರೆಯಿಂದ ಹತ್ತು ಅಂತ ತಿದ್ಕೋ ಅಂದ್ರೆ ಹೇಗೆ. ನಡುಮನೆ ಗಡಿಯಾರದ ಕೀಲಿಕೈ ತಾತನ ಜನಿವಾರದಲ್ಲೇ ಕಟ್ಟಿರ್ತಿತ್ತು, ಹಾಗಾಗಿ ಅದನ್ನ ಯಾರೂ ಮುಟ್ಟೋ ಹಾಗಿರ್ಲಿಲ್ಲ.

ಅಲ್ಲಿಂದ ಆ ಮನೇಲಿ ಎರಡು ಟೈಮು. ಮನೆ ಟೈಮು, ಬೀದಿ ಟೈಮು. ಜಗಲಿ ದಾಟಿದ್ರೆ ಒಂದು ಗಂಟೆ ಕೂಡಿಸ್ಕೋಬೇಕು. ಮೊದಲನೇ ವಾರ ಅಜ್ಜಿ ಮನೆ ಗಡಿಯಾರದಲ್ಲಿ ಹತ್ತು ಗಂಟೆ ನೋಡ್ಕೊಂಡು ಆರಾಮಾಗಿ ಹೊರಟು, ಶಾಲೇಲಿ ಹನ್ನೊಂದಾಗಿ, ಅಂಗೈ ಮೇಲೆ ರೂಲುದೊಣ್ಣೆ ಪೆಟ್ಟು ತಿಂದ್ರಂತೆ, ಅದೂ ಮೂರು ದಿನ ಸತತ. "ನಂಗೆ ಕೂಡೋ ಲೆಕ್ಕ ಕಲ್ಸಿದ್ದು ಮೇಷ್ಟ್ರಲ್ಲ ಕಣೋ, ಜಪಾನಿನೋರು" ಅನ್ನೋರು. ಚಿಕ್ಕಪ್ಪಂದು ಇನ್ನೂ ಕಷ್ಟ. ಅವರು ಆಗ ತಾನೇ ವಿಮಾನ ಕಾರ್ಖಾನೆ ಸೇರಿದ್ರು. 1940 ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಎರಡು ವರ್ಷದೊಳಗೆ ಇಂಡಿಯಾ ಸರ್ಕಾರದ ಕೈಗೆ ಹೋಗಿ, 1943ರಲ್ಲಿ ಅಮೆರಿಕನ್ ವಾಯುಪಡೆಯೋರ ಉಸ್ತುವಾರೀಲಿ ಹೊಸ ವಿಮಾನ ಮಾಡೋದಕ್ಕಿಂತ ರಿಪೇರಿ ಕೆಲ್ಸಾನೇ ಹಗಲೂ ರಾತ್ರಿ. ಚಾಮರಾಜಪೇಟೆಯಿಂದ ಅಲ್ಲಿಗೆ ಸೈಕಲ್ಲಲ್ಲಿ ಹೋಗ್ಬೇಕು, ಮನೆ ಗಡಿಯಾರದಲ್ಲಿ ಐದು ಗಂಟೆಗೆ ಹೊರಡ್ತಿದ್ರು, ಇನ್ನೂ ಕತ್ತಲೆ. ಅಮ್ಮ ಅವರಿಗೋಸ್ಕರ ನಾಲ್ಕಕ್ಕೆ ಎದ್ದು ಒಲೆ ಹಚ್ಚೋರು. ಅತ್ತೆ ಅದಕ್ಕೂ ಮೊದಲೇ ಎದ್ದು ಬಾವೀಲಿ ನೀರು ಸೇದಿರ್ತಿದ್ರು.

ಚಿಕ್ಕಪ್ಪ ತಂದ ಸುದ್ದೀಲಿ ಒಂದನ್ನ ಮನೇಲಿ ಯಾರೂ ನಂಬಿರ್ಲಿಲ್ವಂತೆ, ವಿಮಾನ ಕೆರೆ ಮೇಲೆ ಇಳೀತು ಅನ್ನೋದು. ತಾತ "ಬಾತುಕೋಳಿ ನೋಡಿರ್ಬೇಕು" ಅಂದ್ರಂತೆ. ಅದೂ ನಿಜವೇ, ಕ್ಯಾಟಲಿನಾ ಅನ್ನೋ ನೀರಲ್ಲಿ ಇಳಿಯೋ ವಿಮಾನಗಳು ರಿಪೇರಿಗೆ ಅಂತ ಬೆಳ್ಳಂದೂರು ಕೆರೇಲಿ ಇಳೀತಿದ್ವು. ಈಗ ಆ ಕೆರೆ ನೊರೆ ನೋಡಿದೋರಿಗೆ ಇದನ್ನ ನಂಬೋದು ತಾತನಿಗಿಂತ ಕಷ್ಟ. ಜಾಲಹಳ್ಳಿ ಕಡೆ ಇಟಲಿ ಖೈದಿಗಳಿದ್ರು ಅಂದ್ರು, ಅದೂ ಸರಿ, ಆಫ್ರಿಕಾದಲ್ಲಿ ಸೆರೆ ಸಿಕ್ಕೋರನ್ನ ತಂದು ಇಲ್ಲಿ ಕ್ಯಾಂಪಲ್ಲಿ ಇಟ್ಟಿದ್ರು. ಆದ್ರೆ ಅಜ್ಜಿ ಹೇಳಿದ್ದೆಲ್ಲ ಸರಿ ಅಂತ ಅಲ್ಲ. ಬೆಂಗಳೂರಿಗೆ ಒಂದು ಬಾಂಬ್ ಬಿತ್ತು, ಶಬ್ದ ನಾನೇ ಕೇಳಿದೀನಿ ಅಂತ ಸಾಧಿಸ್ತಿದ್ರು. ಬಿದ್ದಿಲ್ಲ. ಸೈರನ್ ಕೂಗಿದ್ದು, ದೀಪ ಆರಿಸಿದ್ದು, ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದು, ಎಲ್ಲೋ ಬಂಡೆ ಸಿಡಿಸಿದ್ದು, ದೊಡ್ಡಪ್ಪನ ಎಂಡನ್ ಕಥೆ, ಎಲ್ಲ ಸೇರ್ಕೊಂಡು ಅವರ ತಲೇಲಿ ಒಂದು ಬಾಂಬ್ ಆಗಿದೆ ಅನ್ಸುತ್ತೆ. ನಾನು ಇಲ್ಲ ಅಂದಾಗ ಬೇಜಾರು ಮಾಡ್ಕೊಂಡ್ರು, ಅವತ್ತು ಮತ್ತೆ ಮಾತಾಡ್ಲಿಲ್ಲ. ಸುಮ್ನಿರ್ಬೇಕಿತ್ತು ನಾನು.

ಇನ್ನು ಊಟ. ಇದೇ ಈ ಮನೆ ಕಥೆಯ ಹೊಟ್ಟೆ.

1942 ಮಾರ್ಚಲ್ಲಿ ರಂಗೂನ್ ಜಪಾನಿನವರ ಕೈ ಸೇರ್ತು, ಬರ್ಮಾ ಅಕ್ಕಿ ನಿಂತ್ಹೋಯ್ತು. ಯುದ್ಧಕ್ಕೆ ಮುಂಚೆ ನಮ್ಮ ದೇಶಕ್ಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗಿಂತ ಹೆಚ್ಚು ಅಕ್ಕಿ ಹೊರಗಡೆಯಿಂದ ಬರ್ತಿತ್ತು, ಹೆಚ್ಚಿನಂಶ ಅಲ್ಲಿಂದಲೇ. ಅದರ ಮೇಲೆ ಸೈನ್ಯಕ್ಕೆ ಕೊಳ್ಳೋದು, ವ್ಯಾಪಾರಿಗಳು ಬಚ್ಚಿಡೋದು, ರೈಲೆಲ್ಲ ದಂಡಿನ ಸಾಮಾನು ಸಾಗಿಸೋಕೆ. 1943ರಲ್ಲಿ ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಸತ್ರು. ತಾತ ಪೇಪರ್ ಗಟ್ಟಿಯಾಗಿ ಓದ್ತಿದ್ರೆ ಅಮ್ಮ ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ಳೋರು, ಅವತ್ತು ಮಕ್ಳು ಎಲೇಲಿ ಒಂದು ಅಗುಳು ಬಿಟ್ರೂ ಏಟು. ಬೆಂಗಳೂರಿಗೆ ಆ ಗತಿ ಬರ್ಲಿಲ್ಲ, ಇದನ್ನ ಮರೀಬಾರ್ದು, ಇದು ಹಸಿವಿನಿಂದ ಸತ್ತ ಮನೆಯ ಕಥೆ ಅಲ್ಲ, ಲೆಕ್ಕ ಹಾಕಿ ಹಾಕಿ ಉಂಡ ಮನೆಯ ಕಥೆ.

ಲಕ್ಷಕ್ಕಿಂತ ಹೆಚ್ಚು ಜನ ಇರೋ ಪಟ್ಟಣಗಳಲ್ಲಿ ರೇಷನ್ ತನ್ನಿ, ದೊಡ್ಡೋರಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಅಂತ 1943ರಲ್ಲಿ ಇಂಡಿಯಾ ಸರ್ಕಾರದ ಕಮಿಟಿ ಹೇಳಿತ್ತು. ಒಂದು ಪೌಂಡ್ ಅಂದ್ರೆ ನಾನೂರೈವತ್ತು ಗ್ರಾಂ ಚಿಲ್ರೆ, ನಮ್ಮ ಅಳತೇಲಿ ಎರಡು ಪಾವಿಗೆ ಸ್ವಲ್ಪ ಕಮ್ಮಿ. ಮಕ್ಳಿಗೆ ಅದರರ್ಧ. ಕಾರ್ಡ್ ಬರ್ಯೋಕೆ ಮನೆ ಮನೆಗೆ ಬಂದಿದ್ದ ಗುಮಾಸ್ತೆ ಜಗಲಿ ಮೇಲೆ ಕೂತು ಒಬ್ಬೊಬ್ರದೇ ಹೆಸರು ಬರ್ಕೊಳ್ತಿದ್ದ ದೃಶ್ಯ ಅಜ್ಜಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ದೊಡ್ಡಮ್ಮನ ಮನೆಯೋರು ಅಷ್ಟೊತ್ತಿಗೆ ವಾಪಸ್ ಹೋಗಿದ್ರು. ತಾತ ಹೇಳ್ತಾ ಹೋದ್ರು, ನಾನು, ಮಗ, ಸೊಸೆ, ಎರಡನೇ ಮಗ, ಮೊಮ್ಮಗಳು. ಅತ್ತೆ ಹೆಸರು ಬಂದಾಗ ನಿಲ್ಸಿ, "ಇವಳದ್ದು ಒಪ್ಪತ್ತು, ಅರ್ಧ ಬರ್ಕೊಳಿ" ಅಂದುಬಿಟ್ರಂತೆ. ಸುಳ್ಳು ಹೇಳಿ ಗೊತ್ತಿಲ್ಲದ ಮೇಷ್ಟ್ರು. ಬಾಗಿಲ ಹಿಂದೆ ಅಮ್ಮ ಜೋರಾಗಿ ಕೆಮ್ಮಿದ್ರು. ತಾತಂಗೆ ಕೇಳಿಸ್ಲಿಲ್ಲವೋ, ಕೇಳಿಸಿದ್ರೂ ಕೇಳಿಸ್ದಂಗೆ ಇದ್ರೋ. ಗುಮಾಸ್ತೆ ಪೆನ್ನು ಎತ್ತಿ, "ಸ್ವಾಮಿ, ಕಾರ್ಡಲ್ಲಿ ಒಪ್ಪತ್ತಿಗೆ ಕಾಲಂ ಇಲ್ಲ. ದೊಡ್ಡೋರಾದ್ರೆ ಪೂರ್ತಿ, ಮಕ್ಳಾದ್ರೆ ಅರ್ಧ" ಅಂತ ಹೇಳಿ ಪೂರ್ತಿ ಬರ್ಕೊಂಡ.

ಇದನ್ನ ಮೊದಲ ಸಲ ಕೇಳಿದಾಗ ನಾನು ನಕ್ಕೆ. ಆಮೇಲೆ ಲೆಕ್ಕ ಹಾಕ್ದೆ. ಆರು ಜನ ದೊಡ್ಡೋರು, ನಾಲ್ಕು ಮಕ್ಳು, ಒಟ್ಟು ಎಂಟು ಪೂರ್ತಿ ಪಾಲು. ಕಾಗದದ ಮೇಲೆ ದಿನಕ್ಕೆ ಎಂಟು ಪೌಂಡ್, ಡಿಪೋಲಿ ಕೈಗೆ ಸಿಗ್ತಿದ್ದದ್ದು ಅಷ್ಟಿರ್ತಿರ್ಲಿಲ್ಲ ಅನ್ನೋದು ಅಜ್ಜಿ ಮಾತು. ತರಕಾರಿ ಬೇಳೆ ಜಾಸ್ತಿ ಇಲ್ಲದ, ಹೊಟ್ಟೆ ತುಂಬೋದೇ ಅನ್ನದಿಂದ ಅನ್ನೋ ಮನೆಗೆ ಇದು ಸಾಲಲ್ಲ. ಬೆಳೆಯೋ ಮಕ್ಳಿಗೆ ಅರ್ಧ ಪಾಲು ಯಾವ ಮೂಲೆಗೆ? ಅತ್ತೆ ಒಂದೇ ಹೊತ್ತು ಉಣ್ಣೋರು, ಅದೂ ಹಕ್ಕಿ ಥರ, ಅಲ್ಲಿಗೆ ಅವರ ಪಾಲಲ್ಲಿ ಅರ್ಧಕ್ಕಿಂತ ಹೆಚ್ಚು ಉಳೀತಿತ್ತು. ಆ ಉಳಿದದ್ದು ದಿನಾ ರಾತ್ರಿ ನಾಲ್ಕು ಮಕ್ಳ ತಟ್ಟೆಗೆ ಹೋಯ್ತು. ಎಷ್ಟೋ ವರ್ಷದಿಂದ ಆ ಮನೇಲಿ ಯಾವ ಲೆಕ್ಕಕ್ಕೂ ಇಲ್ಲದೆ ಇದ್ದ, ಮದುವೆ ಮುಂಜೀಲಿ ಎದುರಿಗೆ ಬರಬಾರ್ದು ಅಂತ ಹಿತ್ತಲಿಗೆ ಕಳಿಸ್ತಿದ್ದ ಹೆಂಗಸನ್ನ ಪೂರ್ತಿ ಒಂದು ಆಳು ಅಂತ ಮೊದಲು ಎಣಿಸಿದ್ದು ಒಂದು ರೇಷನ್ ಕಾರ್ಡು. ಅಜ್ಜಿ ಹೀಗೆ ಹೇಳ್ಲಿಲ್ಲ, ಇದು ನಾನು ಹೇಳ್ತಿರೋದು. ಅಜ್ಜಿ ಹೇಳಿದ್ದು ಇಷ್ಟೇ: "ಅತ್ತೆ ಅಕ್ಕಿ ಅಂತಲೇ ಒಂದು ಡಬ್ಬಿ ಇತ್ತು. ಅಮ್ಮ ಅದರಿಂದ ಪಾವು ತುಂಬುವಾಗ ಮೇಲೆ ಗೋಪುರ ಬರೋ ಹಾಗೆ ತುಂಬೋಳು. ಬೇರೆ ಡಬ್ಬಿಯಿಂದ ತುಂಬಿದ್ರೆ ಕೈಯಲ್ಲಿ ಸವರಿಬಿಡೋಳು."

ಆದ್ರೆ ಡಿಪೋಲಿ ಯಾವ ಅಕ್ಕಿ ಬರುತ್ತೆ ಅಂತ ಗೊತ್ತಿರ್ತಿರ್ಲಿಲ್ಲ. ಕೆಲವು ವಾರ ಕುಸಲಕ್ಕಿ ಬರೋದು. ಭತ್ತವನ್ನೇ ಒಂದ್ಸಲ ಬೇಯಿಸಿ ಮಾಡೋ ಅಕ್ಕಿ ಅದು, ಅಲ್ಲಿಗೆ ಮಡಿಯೋರ ಲೆಕ್ಕದಲ್ಲಿ ಮುಸುರೆ, ಅತ್ತೆ ಮುಟ್ಟೋ ಹಾಗಿಲ್ಲ. ಆ ವಾರ ಅವರಿಗೆ ರಾಗಿ ಹುರಿಹಿಟ್ಟು, ಮಜ್ಜಿಗೆ. ಇನ್ನು ಕೆಲವು ವಾರ ಗೋಧಿ. ಗೋಧಿ ನಮ್ಮ ಕಡೆ ಆಗ ಊಟವೇ ಅಲ್ಲ, ಒಪ್ಪತ್ತಿನ ದಿನದ ಫಲಾಹಾರ. ಗೋಧಿ ರವೆ ಉಪ್ಪಿಟ್ಟು ಮಾಡಿದ್ರೆ ತಮ್ಮ "ಇವತ್ತೂ ಏಕಾದಶೀನಾ?" ಅಂತ ಅಳೋನಂತೆ. ವಾರಕ್ಕೆ ಮೂರು ಏಕಾದಶಿ ಬಂತು ಆ ವರ್ಷ.

ರಾಗಿದು ಇನ್ನೊಂದು ಕಥೆ. ಹಳೇ ಮೈಸೂರು ಕಡೆ ಅರ್ಧಕ್ಕರ್ಧ ಜನರ ಊಟ ರಾಗಿ, ಆದ್ರೆ ಈ ಮನೇಲಿ ಹುರಿಹಿಟ್ಟು, ಕೂಸಿನ ಸರಿ ಬಿಟ್ರೆ ರಾಗಿ ಒಳಗೆ ಬಂದಿರ್ಲಿಲ್ಲ, ಮುದ್ದೆ ಅಂದ್ರೆ ಒಂಥರಾ ತಾತ್ಸಾರ. ಅಕ್ಕಿ ಕಮ್ಮಿ ಮಾಡಿ ರಾಗಿ ಕೊಡೋಕೆ ಶುರು ಮಾಡಿದಾಗ ಅಮ್ಮಂಗೆ ಮುದ್ದೆ ಮಾಡೋಕೆ ಬರ್ತಿರ್ಲಿಲ್ಲ. ಮೊದಲ ಸಲ ಮಾಡಿದ್ದು ಗಂಟು ಗಂಟಾಗಿ ಒಳಗೆಲ್ಲ ಹಸಿ ಹಿಟ್ಟು. ಕಡೆಗೆ ಹಾಲು ಹಾಕೋಕೆ ಬರ್ತಿದ್ದ ಗೌಡರ ಹೆಂಗಸನ್ನ ಹಿತ್ತಲಲ್ಲಿ ನಿಲ್ಸಿ ಕೇಳಿದ್ರು. ಆಯಮ್ಮ ಹಿತ್ತಲ ಬಾಗಿಲ ಹೊರಗೆ, ಅಮ್ಮ ಒಳಗೆ ಒಲೆ ಮುಂದೆ. "ಎಸರು ಮರಳ್ಲಿ ಕಣವ್ವ, ಹಿಟ್ಟು ಗುಡ್ಡೆ ಮಾಡಿ ಸುರಿ, ಈಗ್ಲೇ ತಿರುವ್ಬ್ಯಾಡ, ಮಧ್ಯದಾಗೆ ಕೋಲು ನೆಟ್ಟು ಬಿಡು, ಬೇಯ್ಲಿ, ಆಮ್ಯಾಕೆ ಕಾಲಲ್ಲಿ ಪಾತ್ರೆ ಒತ್ತಿ ಹಿಡ್ಕಂಡು ತಿರುವು" ಅಂತ ಅಲ್ಲಿಂದಲೇ ಕೂಗಿ ಕೂಗಿ ಹೇಳಿಕೊಟ್ಲು. ಅಮ್ಮ ಮಡೀಲಿ, ಕಾಲು ಹೇಗೆ ಒತ್ತೋದು ಅಂತ ಒದ್ದಾಡ್ತಿದ್ರೆ ಅತ್ತೆ ಬಂದು ಪಾತ್ರೆ ಅಂಚನ್ನ ಒದ್ದೆ ಬಟ್ಟೇಲಿ ಎರಡೂ ಕೈಯಲ್ಲಿ ಹಿಡ್ಕೊಂಡ್ರು. ಅವತ್ತು ಮುದ್ದೆ ನುಣ್ಣಗೆ ಬಂತು. ತಾತ ಮಾತ್ರ ಅದನ್ನ ಅಗಿದು ಅಗಿದು ಹಲ್ಲಿಗೆಲ್ಲ ಮೆತ್ಕೊಂಡು, ಇದೇನಿದು ಗಿಲಾಯಿ ಕಲ್ಸಿದ್ದೀರಾ ಅಂದ್ರಂತೆ. ನುಂಗ್ಬೇಕು ಅಂತ ಹೇಳೋ ಧೈರ್ಯ ಯಾರಿಗೂ ಇರ್ಲಿಲ್ಲ. ನಮ್ಮನೇಲಿ ಇವತ್ತಿಗೂ ಸೋಮವಾರ ಮುದ್ದೆ ಬಸ್ಸಾರು, ಅದು ಬಂದಿದ್ದು ಹಿಟ್ಲರನ ಪುಣ್ಯದಿಂದ ಅಂತ ನಮ್ಮಮ್ಮನ ಜೋಕು.

ಬೇರೆ ಸಾಮಾನಿನದೆಲ್ಲ ಬೇಗ ಹೇಳಿ ಮುಗಿಸ್ತೀನಿ. ಸಕ್ಕರೆ ಇಲ್ಲ, ಬೆಲ್ಲದ ಕಾಫಿ. ತಮಾಷೆ ಏನಂದ್ರೆ ಕಾಫಿ ಪುಡಿಗೆ ಅಷ್ಟು ಬರ ಇರ್ಲಿಲ್ಲ, ಯೂರೋಪಿನ ಮಾರ್ಕೆಟ್ ಮುಚ್ಚಿಹೋಗಿ ಕೊಡಗು ಚಿಕ್ಕಮಗಳೂರಿನ ಕಾಫಿ ಕೊಳ್ಳೋರಿಲ್ಲದೆ ಬಿದ್ದಿತ್ತು, 1940ರಲ್ಲಿ ಕಾಫಿಗೆ ಅಂತ ಬೋರ್ಡ್ ಮಾಡಿದ್ದೇ ಅದನ್ನ ಮಾರೋಕೆ. ಪೆಟ್ರೋಲ್ ಇಲ್ಲದೆ ಬಸ್ಸುಗಳೆಲ್ಲ ಇದ್ದಿಲಲ್ಲಿ ಓಡ್ತಿದ್ವು, ಹಿಂದೆ ಒಂದು ದೊಡ್ಡ ಡ್ರಮ್ಮು, ಹೊರಡೋಕೆ ಮುಂಚೆ ಕ್ಲೀನರ್ ಅರ್ಧ ಗಂಟೆ ಹಿಡಿ ತಿರುಗಿಸ್ಬೇಕು, ಏರು ಬಂದ್ರೆ ಗಂಡಸ್ರೆಲ್ಲ ಇಳಿದು ತಳ್ಬೇಕು, ಮನೆಗೆ ಬಂದಾಗ ಮೂಗಲ್ಲೆಲ್ಲ ಮಸಿ. ಚಿಲ್ಲರೆ ಕಾಸೇ ಮಾಯ, ತಾಮ್ರ ಉಳಿಸೋಕೆ 1943ರಿಂದ ನಡುವೆ ತೂತು ಇರೋ ಕಾಸು ಬಂತು. ಹುಡುಗ್ರು ಅದನ್ನ ದಾರಕ್ಕೆ ಪೋಣಿಸಿ ಉಡಿದಾರಕ್ಕೆ ಕಟ್ಕೊಂಡು ಓಡಾಡಿದ್ರೆ ಘಲ್ ಘಲ್ ಅನ್ನೋದು. ಬೆಳ್ಳಿ ರೂಪಾಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಸಿದ್ರು ಅಂತ ಗೊತ್ತಾದಾಗ ತಾತ ಹಳೇ ರಾಣಿ ರೂಪಾಯಿನ ಕಲ್ಲಿನ ಮೇಲೆ ಬಡಿದು ಬಡಿದು ಶಬ್ದ ನೋಡಿ ತೆಗೆದಿಟ್ಟಿದ್ರಂತೆ. 1942ರ ಆಗಸ್ಟ್‌ನಲ್ಲಿ ಮೈಸೂರು ಬ್ಯಾಂಕ್ ಹತ್ರ ಗೋಲಿಬಾರ್ ಆದ ದಿನ ಅಪ್ಪ ಮನೆಗೆ ಬಂದು ಕಿಟಕಿ ಮುಚ್ಚಿ ಕೂತ್ರು, ಯಾರ ಹತ್ರಾನೂ ಮಾತಾಡ್ಲಿಲ್ಲ. ಸರ್ಕಾರಿ ನೌಕ್ರಿ. ಅಜ್ಜಿಗೆ ನೆನಪಿರೋದು ಆ ಮುಚ್ಚಿದ ಕಿಟಕಿ ಮಾತ್ರ.

ಈಗ ಫೋಟೋ. 1945ರ ಮೇ ತಿಂಗಳ ಕೊನೇಲಿ ಅಕ್ಕನ ಮದುವೆ. ಯೂರೋಪಲ್ಲಿ ಯುದ್ಧ ನಿಂತು ಮೂರು ವಾರ ಆಗಿತ್ತು, ಜಪಾನ್ ಜೊತೆ ಇನ್ನೂ ನಡೀತಿತ್ತು. ಸಕ್ಕರೆಗೆ ಪರ್ಮಿಟ್ ಹಾಕಿದ್ರು, ಕೇಳಿದ್ದಕ್ಕಿಂತ ಕಮ್ಮಿ ಸಿಕ್ತು, ಲಾಡು ಬಿಟ್ಟು ಬೆಲ್ಲದ ಹೋಳಿಗೆ ಅಂತ ತೀರ್ಮಾನ ಆಯ್ತು. ಲಗ್ನಪತ್ರಿಕೇಲಿ ಮುಹೂರ್ತ ಯಾವ ಟೈಮಲ್ಲಿ ಹಾಕೋದು ಅಂತ ತಾತಂಗೂ ಅಪ್ಪಂಗೂ ಎರಡು ದಿನ ಜಗಳ. ಪಂಚಾಂಗದ ಪ್ರಕಾರ ಒಂಬತ್ತು ಇಪ್ಪತ್ತು. ಹತ್ತು ಇಪ್ಪತ್ತು ಅಂತ ಹಾಕ್ಸಿ ಅಂತ ಅಪ್ಪ, ಸುಳ್ಳು ಮುಹೂರ್ತ ಅಚ್ಚು ಹಾಕಿಸ್ತೀಯಾ ಅಂತ ತಾತ. ಕೊನೆಗೆ ಪತ್ರಿಕೆ ಬಂದಾಗ ಒಂಬತ್ತು ಇಪ್ಪತ್ತು ಅಂತಿತ್ತು, ಯಾವ ಟೈಮು ಅಂತ ಬರ್ದಿರ್ಲಿಲ್ಲ. ಪತ್ರಿಕೆ ಇನ್ನೂ ನಮ್ಮ ಹತ್ರ ಇದೆ, ತೆಳ್ಳನೆ ಕಾಗದ, ಹಿಂದಿನ ಅಕ್ಷರ ಮುಂದೆ ಕಾಣುತ್ತೆ. ಗಂಡಿನ ಕಡೆಯೋರು ಹಿಂದಿನ ರಾತ್ರೀನೇ ವರಪೂಜೆಗೆ ಬಂದಿದ್ರಿಂದ ತೊಂದ್ರೆ ಆಗ್ಲಿಲ್ಲ. ಫೋಟೋದೋನು ಮಾತ್ರ ದಂಡಿಂದ, ಅಂದ್ರೆ ಕಂಟೋನ್ಮೆಂಟಿಂದ ಬರಬೇಕಿತ್ತು, ಅವನು ಪತ್ರಿಕೆ ನೋಡ್ಕೊಂಡು ಬೀದಿ ಟೈಮಲ್ಲಿ ಒಂಬತ್ತು ಇಪ್ಪತ್ತಕ್ಕೆ ಸ್ವಲ್ಪ ಮುಂಚೇನೇ ಬಂದ. ಮನೆ ಟೈಮಲ್ಲಿ ಇನ್ನೂ ಎಂಟು ಇಪ್ಪತ್ತೂ ಆಗಿರ್ಲಿಲ್ಲ.

ಮುಹೂರ್ತಕ್ಕೆ ಇನ್ನೂ ಒಂದು ಗಂಟೆ, ಗಂಡಸ್ರೆಲ್ಲ ಬೀದಿ ಚಪ್ಪರದಲ್ಲಿ, ಹೆಂಗಸ್ರು ಒಳಗೆ ಅಕ್ಕಂಗೆ ಅಲಂಕಾರ ಮಾಡ್ತಿದಾರೆ, ತೊಟ್ಟೀಲಿ ಮಕ್ಳು ಬಿಟ್ರೆ ಯಾರೂ ಇಲ್ಲ. ಅವನು ಮನೆಯೋರು ಕೊಟ್ಟ ಕಾಫಿ ಕುಡಿದು, ಸ್ಟ್ಯಾಂಡ್ ನಿಲ್ಸಿ, ಬೆಳಕು ನೋಡ್ತೀನಿ ಅಂದ. ತಂದಿದ್ದೇ ಲೆಕ್ಕದ ಪ್ಲೇಟು, ವಿದೇಶಿ ಮಾಲು, ಸಿಗ್ತಿರ್ಲಿಲ್ಲ. ಆದ್ರೂ ಮಕ್ಳು ಗೋಗರೆದು ಗೋಗರೆದು, ಕೋಟು ಹಾಕಿದೀವಿ ನೋಡಿ ಅಂತ ತೋರಿಸಿ, ಅವನೂ ಕರಗಿ ಒಂದು ತೆಗೆದ. ಅಷ್ಟು ಹೊತ್ತಿಗೆ ಅತ್ತೆ ಅಡುಗೆಯೋರಿಗೆ ಅಕ್ಕಿ ಸಾಲ್ದು ಅಂತ ಮೊರದಲ್ಲಿ ಕಲ್ಲು ಆರಿಸ್ತಾ ಕಂಬದ ಪಕ್ಕ ಬಂದು ನಿಂತಿದ್ರು. ಯಾರೂ ಇಲ್ಲ ಅಂತಲೇ ಬಂದಿದ್ದು. ಮುಹೂರ್ತದ ಹೊತ್ತಿಗೆ ಅವರು ಹಿತ್ತಲಲ್ಲಿ ಇರ್ಬೇಕಾಗಿತ್ತು, ಒಂದು ಗಂಟೆ ತಡವಾಗಿ ಬಂದಿದ್ರೆ ಫೋಟೋದೋನಿಗೆ ಅವರು ಕಾಣ್ತಾನೇ ಇರ್ಲಿಲ್ಲ. ನಮ್ಮ ವಂಶದಲ್ಲಿ ಅವರದ್ದು ಅಂತ ಇರೋದು ಇದೊಂದೇ ಫೋಟೋ.

ಪ್ರಿಂಟ್ ಬಂದಾಗ ತಾತ ನೋಡಿದ್ರಂತೆ. ಮಂಗಳ ಕಾರ್ಯದ ಫೋಟೋಲಿ ಇವಳು ಅಂತ ಯಾರೋ ಗೊಣಗಿದ್ರು, ಕತ್ತರಿಸಿಬಿಡಿ ಅಂದ್ರು. ತಾತ ಫೋಟೋನ ಕಣ್ಣಿನ ಹತ್ರ ಹಿಡಿದು, "ಗಡಿಯಾರ ಚೆನ್ನಾಗಿ ಬಂದಿದೆ, ಇರ್ಲಿ ಬಿಡಿ" ಅಂದ್ರಂತೆ. ಅಷ್ಟೇ. ಅಕ್ಟೋಬರ್‌ನಲ್ಲಿ ಸರ್ಕಾರ ಮತ್ತೆ ಹಳೇ ಟೈಮಿಗೆ ವಾಪಸ್ ಬಂದಾಗ ಬೀದಿಯೋರಿಗೆಲ್ಲ ಕೇಳೋ ಹಾಗೆ "ಅವರೇ ದಾರಿಗೆ ಬಂದ್ರು ನೋಡಿ" ಅಂತ ಹೇಳ್ಕೊಂಡು ತಿರುಗಾಡಿದ್ರು.

ಯುದ್ಧ ಮುಗೀತು, ರೇಷನ್ ಮುಗೀಲಿಲ್ಲ. ನಿಜ ಹೇಳ್ಬೇಕಂದ್ರೆ 1946 ಇನ್ನೂ ಕೆಟ್ಟದು, ಮಳೆ ಕೈ ಕೊಟ್ಟಿತ್ತು, ದೇಶದಲ್ಲೆಲ್ಲ ದಿನದ ಪಾಲನ್ನ ಹದಿನಾರು ಔನ್ಸಿಂದ ಹನ್ನೆರಡಕ್ಕೆ ಇಳಿಸಿದ್ರು. ಆ ವರ್ಷದ ಶುರೂನಲ್ಲಿ ತಾತ ತೀರ್ಕೊಂಡ್ರು. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನವೇ ಅಪ್ಪ ಡಿಪೋಗೆ ಹೋಗಿ ಹೆಸರು ಹೊಡೆಸಿ ಬಂದ್ರು, ಇಲ್ಲದಿದ್ರೆ ತಾತ ಕನಸಲ್ಲಿ ಬಂದು ಬೈತಾರೆ ಅಂತ.

ಡಿಸೆಂಬರಲ್ಲಿ ಅತ್ತೆ ಹೋದ್ರು, ಎರಡು ದಿನ ಜ್ವರ. ಅವರ ಹೆಸರನ್ನ ಅಪ್ಪ ಹೊಡೆಸ್ಲಿಲ್ಲ. ಮರೆತ್ರೋ, ಬೇಕಂತಲೇ ಬಿಟ್ರೋ ಅಂತ ಅಜ್ಜೀನ ಕೇಳ್ದೆ. ಅಮ್ಮ ಬಾಗಿಲ ಹಿಂದೆ ನಿಂತಿದ್ಲು ಅಂದ್ರು. ಎರಡು ತಿಂಗಳು ಅತ್ತೆ ಪಾಲಿನ ಅಕ್ಕಿ ಬರ್ತಾನೇ ಇತ್ತು, ಅದೇ ಡಬ್ಬಿಗೆ ಸುರೀತಿದ್ರು, ಮಕ್ಳಿಗೆ ಮಾತ್ರ ಅದರಿಂದ ಹಾಕ್ತಿರ್ಲಿಲ್ಲ. ಮಾಸಿಕದ ದಿನ ತೆಗೆದು ನೋಡಿದ್ರೆ ಕುಸಲಕ್ಕಿ, ಪಿಂಡಕ್ಕೆ ಬರಲ್ಲ. ಅಮ್ಮ ಡಬ್ಬೀನ ಸೊಂಟದ ಮೇಲೆ ಇಟ್ಕೊಂಡು ಬೀದೀಲಿ ನಾಲ್ಕು ಮನೆ ತಿರುಗಿ, ಕೊನೆಗೆ ಮೂಲೆ ಮನೆಯೋರ ಹತ್ರ ಸೇರಿಗೆ ಮುಕ್ಕಾಲು ಸೇರಿನ ಹಾಗೆ ಬೆಳ್ತಿಗೆಗೆ ಬದಲಾಯಿಸ್ಕೊಂಡು ಬಂದ್ರು. ಬಂದು ಪಾವು ತುಂಬಿದ್ರು, ಮೇಲೆ ಗೋಪುರ ಬರೋ ಹಾಗೆ.